ಆರನೆಯ ಗೂಟದ ಸದ್ದು

"ಈ ವರ್ಷ ಸಫೊಕ್ ಸೀಮೆಯ ಮಣ್ಣು ನನ್ನ ಮುಂದೆ ಮಂಡಿ ಊರದೆ ಇದ್ರೆ ನನ್ನ ಹೆಸರು ಡೆಸ್ಮಂಡ್ ಕೆರಿಜ್ ಅಲ್ಲ!"

ಏಪ್ರಿಲ್ ಹದಿನೈದರ ಬೆಳಿಗ್ಗೆ, ಮಾರ್ಮಲೇಡ್ ಹಚ್ಚಿದ ಟೋಸ್ಟನ್ನು ಕತ್ತಿಯಂತೆ ಮೇಲೆತ್ತಿ ಹಿಡಿದು ಡೆಸ್ಮಂಡ್ ಕೆರಿಜ್ ಈ ಘೋರ ಪ್ರತಿಜ್ಞೆ ಮಾಡಿದ. ಮಾರ್ಮಲೇಡ್ ಮೊಣಕೈವರೆಗೆ ಇಳಿಯಿತು. ಎದುರಿಗೆ ಕೂತು ಪತ್ರಿಕೆಯ ಪದಬಂಧ ತುಂಬುತ್ತಿದ್ದ ಹೆಂಡತಿ ಏವ್ರಿಲ್ ತಲೆ ಎತ್ತಲಿಲ್ಲ.

"ಹೆಸರು ಬದಲಾಯಿಸ್ಕೊಳ್ಳೋದಾದ್ರೆ ಈಗಲೇ ಹೇಳಿಬಿಡು. ಟಪಾಲಿನವನಿಗೆ ತಿಳಿಸ್ಬೇಕು."

ಡೆಸ್ಮಂಡ್ ನಲವತ್ತು ವರ್ಷ ಪಿಯಾನೊಗಳಿಗೆ ಶ್ರುತಿ ಕೂಡಿಸಿ ನಿವೃತ್ತನಾದವನು. ಅವನ ಕಿವಿಯೆಂದರೆ ಮೂರು ಜಿಲ್ಲೆಗಳ ಶಾಲೆ, ಚರ್ಚು, ಹೋಟೆಲುಗಳ ಪಿಯಾನೊಗಳೆಲ್ಲ ಗಡಗಡ ನಡುಗುತ್ತಿದ್ದವಂತೆ. ಹಾಗೆಂದು ಹೇಳಿದವನು ಅವನೇ. ಈ ಕಿವಿಯನ್ನು ಸುಮ್ಮನೆ ಬಿಡುವುದೇಕೆಂದು ಹತ್ತೊಂಬತ್ತು ವರ್ಷದಿಂದ ಬಿಡುವು ಸಿಕ್ಕಾಗಲೆಲ್ಲ ಲೋಹ ಪತ್ತೆ ಮಾಡುವ ಯಂತ್ರ ಹೊತ್ತು ಗದ್ದೆ ಗದ್ದೆ ಅಲೆಯುತ್ತಿದ್ದ. ಹತ್ತೊಂಬತ್ತು ವರ್ಷದ ಫಲ ಇಷ್ಟು: ಅಂಗಿ ಗುಂಡಿಗಳು ನಾನೂರ ಹನ್ನೊಂದು, ಟ್ರ್ಯಾಕ್ಟರಿನ ಬೋಲ್ಟುಗಳು ಒಂದು ಬಕೆಟ್ಟು, ತಲೆಯಿಲ್ಲದ ಸೀಸದ ಕುದುರೆ ಒಂದು. ಬಿಯರ್ ಡಬ್ಬಿಯ ಮುಚ್ಚಳದ ಉಂಗುರಗಳನ್ನು ಅವನು ಎಣಿಸುವುದನ್ನೇ ಬಿಟ್ಟಿದ್ದ.

ಅವನಿಗೆ ಬೇಕಾಗಿದ್ದುದು ನಿಧಿಯಲ್ಲ. ಅದನ್ನು ಮೊದಲೇ ಹೇಳಿಬಿಡಬೇಕು. ಅವನಿಗೆ ಬೇಕಾಗಿದ್ದುದು ಒಂದು ಚೀಟಿ. ಪೇಟೆಯ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿ, ಯಾವುದೋ ಹಳೆಯ ವಸ್ತುವಿನ ಬುಡದಲ್ಲಿ, ಅಂಗೈ ಅಗಲದ ಒಂದು ಬಿಳಿ ಚೀಟಿ: "ಪತ್ತೆ ಮಾಡಿದವರು: ಡಿ. ಕೆರಿಜ್." ಅಂಥ ಚೀಟಿ ಅವನ ಗೆಳೆಯ ನಾರಿಸ್ ಬಾರೆಟ್ಟನಿಗೆ ಇತ್ತು. ನಾರಿಸ್ ಹದಿಮೂರು ವರ್ಷದ ಹಿಂದೆ ಮೂಲಂಗಿ ಹೊಲವೊಂದರಲ್ಲಿ ಚಿನ್ನದ ಉಂಗುರ ಕಂಡುಹಿಡಿದಿದ್ದ. ಅಂದಿನಿಂದ ಇಂದಿನವರೆಗೆ ಹವಾಮಾನದ ಮಾತನ್ನೂ ಅವನು ಆ ಉಂಗುರದಿಂದಲೇ ಶುರು ಮಾಡುತ್ತಿದ್ದ. "ಇವತ್ತು ಮೋಡ ಇದೆ ನೋಡು, ನನಗೆ ಉಂಗುರ ಸಿಕ್ಕ ದಿನಾನೂ ಹೀಗೇ ಇತ್ತು." ಇದನ್ನು ಹದಿಮೂರು ವರ್ಷ ಕೇಳಿಸಿಕೊಂಡ ಮನುಷ್ಯನ ಮೇಲೆ ಯಾರಿಗಾದರೂ ಕನಿಕರ ಬರಬೇಕು.

ಇಂಥ ಸಮಯದಲ್ಲಿ ಡೆಸ್ಮಂಡನ ಹೊಸ ಯಂತ್ರ ಬಂದಿತ್ತು! ಮುಂದಿನ ಐದು ವರ್ಷದ ಹುಟ್ಟುಹಬ್ಬ, ಕ್ರಿಸ್ಮಸ್ ಉಡುಗೊರೆಗಳನ್ನೆಲ್ಲ ಒಟ್ಟಿಗೇ ತೀರಿಸಿಕೊಂಡು ತರಿಸಿದ ಯಂತ್ರ. ಆದರೆ ಅದು ಬಂದ ಹೊತ್ತು ಎಂಥದ್ದು? ಏಪ್ರಿಲ್! ಗೋಧಿ, ಬಾರ್ಲಿ ಮೊಣಕಾಲೆತ್ತರ ಎದ್ದು ನಿಂತಿರುವ ಕಾಲ. ಆಗಸ್ಟಿನಲ್ಲಿ ಕಟಾವು ಮುಗಿಯುವವರೆಗೆ ಯಾವ ರೈತನೂ ಗದ್ದೆಗೆ ಕಾಲಿಡಲು ಬಿಡುವುದಿಲ್ಲ. ಡೆಸ್ಮಂಡ್ ಬೋನಿನಲ್ಲಿಟ್ಟ ಪ್ರಾಣಿಯಾದ. ಒಂದು ಕಡೆ ಕೂರಲಾರ, ನಿಲ್ಲಲಾರ. ಹಜಾರದ ಕಾರ್ಪೆಟ್ಟಿನ ಮೇಲೆ ಯಂತ್ರ ಆಡಿಸಿದರೆ ನೆಲಹಲಗೆಯ ಮೊಳೆಗಳೆಲ್ಲ ಒಂದೊಂದಾಗಿ ಕಿರುಚಿದವು. ಮೆಟ್ಟಿಲ ಮೇಲೆ ಆಡಿಸಿದ, ಸ್ನಾನದ ಮನೆಯಲ್ಲಿ ಆಡಿಸಿದ. ಕೊನೆಗೆ ಸೋಫಾದ ಮೇಲೆ ನಿದ್ದೆ ಮಾಡುತ್ತಿದ್ದ ಏವ್ರಿಲ್‌ಳ ಮಂಡಿಯ ಹತ್ತಿರ ತಂದ. ಆ ಮಂಡಿಯಲ್ಲಿ ಡಾಕ್ಟರು ಕೂಡಿಸಿದ ಲೋಹದ ಕೀಲಿತ್ತು. ಯಂತ್ರ ಹಾಡಿತು.

"ಟೈಟಾನಿಯಂ!" ಎಂದು ಡೆಸ್ಮಂಡ್ ಹಿಗ್ಗಿದ. "ಎಷ್ಟು ಸ್ಪಷ್ಟವಾಗಿ ಹೇಳ್ತು ನೋಡು ಕಣೇ!"

"ತೋಟಕ್ಕೆ ಹೋಗು," ಎಂದಳು ಏವ್ರಿಲ್ ಕಣ್ಣು ಬಿಡದೆ. "ನಾಲ್ಕು ವರ್ಷ ಅಗೆಯೋಕೆ ಬಿಟ್ಟಿರಲಿಲ್ಲ, ಇವತ್ತಿನಿಂದ ಹುಲ್ಲುಹಾಸು ಪೂರ್ತಿ ನಿಂದು. ಅಗೆದುಕೋ, ಉರುಳಾಡು, ಏನಾದ್ರೂ ಮಾಡ್ಕೋ. ನನ್ನ ಆಸ್ಪರಾಗಸ್ ಮಡಿಯ ಹತ್ತಿರ ಮಾತ್ರ ಸುಳೀಬೇಡ."

ಎಳೆ ಕಾಂಡವನ್ನೇ ಕೊಯ್ದು ಬೇಯಿಸಿ ತಿನ್ನುವ ಆಸ್ಪರಾಗಸ್ ಎಂದರೆ ಆ ಸೀಮೆಯಲ್ಲಿ ಹುಡುಗಾಟವಲ್ಲ. ಬೇರು ನೆಟ್ಟ ಮೇಲೆ ಎರಡು ವರ್ಷ ಕತ್ತಿ ತಾಗಿಸಬಾರದು. ಆಸೆಯನ್ನು ಅದುಮಿಕೊಂಡು ನೋಡುತ್ತ ಕೂರಬೇಕು. ಮೂರನೆಯ ವಸಂತದಲ್ಲಿ, ಏಪ್ರಿಲ್ ಇಪ್ಪತ್ಮೂರರ ಸಂತ ಜಾರ್ಜನ ಹಬ್ಬದ ದಿನ, ಮೊದಲ ಕೊಯ್ಲು. ತೋಟದ ಮಣ್ಣು ಬರೀ ಜೇಡಿ ಎಂದು ಏವ್ರಿಲ್ ಅದನ್ನು ಅಗೆಯುವ ಗೋಜಿಗೇ ಹೋಗದೆ, ಅದರ ಮೇಲೆ ಒಂದಡಿ ಎತ್ತರ ಕುದುರೆ ಗೊಬ್ಬರ, ಮರಳು ಪೇರಿಸಿ ಮಡಿ ಕಟ್ಟಿದ್ದಳು. ಇದು ಮೂರನೆಯ ವಸಂತ. ಹೆಬ್ಬೆರಳು ಗಾತ್ರದ ನೇರಳೆ ಮೂತಿಗಳು ಆಗಲೇ ಮಣ್ಣಿನಿಂದ ಹೊರಗೆ ಇಣುಕುತ್ತಿದ್ದವು. ಅವಳು ದಿನಕ್ಕೆ ಮೂರು ಸಲ ಹೋಗಿ ಎಣಿಸಿ ಬರುತ್ತಿದ್ದಳು.

ಆ ಮನೆಗೆ ಅವರು ಬಂದು ನಾಲ್ಕು ವರ್ಷವಾಗಿತ್ತು. ಹಿಂದೆ ಅಲ್ಲಿದ್ದವನು ಪರ್ಸಿ ಗ್ಯಾರಡ್ ಎಂಬ ಮುದುಕ. ಯಾರ ಜೊತೆಗೂ ಹೆಚ್ಚು ಮಾತಿಲ್ಲದವನು, ಸದಾ ಶೆಡ್ಡಿನಲ್ಲಿ ಕೂತು ರೇಡಿಯೊ ಬಿಚ್ಚುತ್ತಿದ್ದನೆಂದು ಊರವರು ಹೇಳುತ್ತಿದ್ದರು. ಅವನು ತೀರಿಕೊಂಡ ಮೇಲೆ ಮನೆ ಇವರ ಕೈಗೆ ಬಂತು. ಬಂದಾಗ ಹುಲ್ಲುಹಾಸಿನಲ್ಲಿ ಸಾಲಾಗಿ ಆರು ಮರದ ಗೂಟಗಳಿದ್ದವು. ಹುಲ್ಲು ಕತ್ತರಿಸುವ ಯಂತ್ರಕ್ಕೆ ಅಡ್ಡ ಬರುತ್ತವೆಂದು ಡೆಸ್ಮಂಡ್ ಮೊದಲ ವಾರವೇ ಕಿತ್ತು ಒಲೆಗೆ ಹಾಕಿದ್ದ. ಚೆನ್ನಾಗಿ ಉರಿದವು.

ಅಂದು ಮಧ್ಯಾಹ್ನ ಡೆಸ್ಮಂಡ್ ಹೆಡ್‌ಫೋನ್ ಏರಿಸಿಕೊಂಡು ಹುಲ್ಲುಹಾಸಿಗೆ ಇಳಿದ. ಹತ್ತನೆಯ ಹೆಜ್ಜೆಗೆ ಕಿವಿಯಲ್ಲಿ ಶುದ್ಧವಾದ ಒಂದು ಸ್ವರ! ಮೂರು ಅಂಗುಲ ಅಗೆದ. ಅಂಗೈಯಲ್ಲಿ ಬಿದ್ದದ್ದು ಬೆಳ್ಳಿಯ ಪೆನ್ನಿ. ಎಡ್ವರ್ಡ್ ದೊರೆಯ ಕಾಲದ್ದು, ಏಳುನೂರು ವರ್ಷ ಹಳೆಯದು! ಅರವತ್ತೇಳು ವರ್ಷದ ಮನುಷ್ಯ ಹುಲ್ಲಿನ ಮೇಲೆ ಕುಣಿದ. ಪಕ್ಕದ ಮನೆಯ ನಾಯಿ ಬೊಗಳಿತು. ಕುಣಿಯುತ್ತಲೇ ಒಂದು ಗಜ ಮುಂದೆ ಹೋದ. ಅಲ್ಲಿ ಮತ್ತೊಂದು ಸ್ವರ. ಐದು ಅಂಗುಲ. ಇನ್ನೊಂದು ಪೆನ್ನಿ! ಮತ್ತೊಂದು ಗಜ ಮುಂದೆ, ಏಳು ಅಂಗುಲದಲ್ಲಿ, ಮೂರನೆಯದು!

"ಏವ್ರಿಲ್! ಏವ್ರಿಲ್! ಇತಿಹಾಸ!"

ಏವ್ರಿಲ್ ಕೈ ಒರೆಸಿಕೊಳ್ಳುತ್ತ ಬಂದಳು. ಕನ್ನಡಕ ಸರಿಮಾಡಿಕೊಂಡು ನಾಣ್ಯಗಳನ್ನು ತಿರುಗಿಸಿ ನೋಡಿದಳು. "ಮೂರಕ್ಕೂ ಹಿಂದುಗಡೆ ಕೆಂಪು ಚುಕ್ಕಿ ಇದೆಯಲ್ಲ?"

"ಆಗಿನ ಕಾಲದ ಅರಗು! ಇಲ್ಲವೇ ಬಲಿಯ ರಕ್ತ!"

ಏವ್ರಿಲ್ ಉಗುರಿನಿಂದ ಕೆರೆದಳು. "ಉಗುರುಬಣ್ಣ ಇದ್ದ ಹಾಗಿದೆ."

"ಏಳುನೂರು ವರ್ಷದ ಹಿಂದೆ ಉಗುರುಬಣ್ಣ! ನಿನ್ನ ತಲೆ!" ಎಂದು ಡೆಸ್ಮಂಡ್ ನಾಣ್ಯ ಕಿತ್ತುಕೊಂಡ. ಎಲ್ಲ ಹೆಂಗಸರಿಗೂ ಇತಿಹಾಸಪ್ರಜ್ಞೆ ಇರುವುದಿಲ್ಲವೆಂದು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡು ನಾರಿಸನಿಗೆ ಫೋನ್ ಮಾಡಿದ. ಕರೆಯಬಾರದಿತ್ತು. ಆದರೆ ನೋಡಿ ಹೊಟ್ಟೆ ಉರಿದುಕೊಳ್ಳುವವನೊಬ್ಬ ಹತ್ತಿರ ಇಲ್ಲದಿದ್ದರೆ ಏನು ಸಿಕ್ಕಿ ಏನು ಸುಖ?

ನಾರಿಸ್ ತನ್ನ ಹಳದಿ ಯಂತ್ರದೊಂದಿಗೆ ಅರ್ಧ ಗಂಟೆಯಲ್ಲಿ ಪ್ರತ್ಯಕ್ಷನಾದ. ಯಂತ್ರದ ತುದಿಯಲ್ಲಿ ನೆಲ ಮೂಸುವ ಆ ದುಂಡು ತಟ್ಟೆ ಅವನದ್ದು ಹದಿನೈದು ಅಂಗುಲ ಅಗಲ, ಡೆಸ್ಮಂಡನದ್ದು ಹನ್ನೊಂದು.

"ನೋಡು, ನಾಲ್ಕನೇದು ಒಂಬತ್ತು ಅಂಗುಲ ಆಳದಲ್ಲಿರುತ್ತೆ," ಎಂದ ನಾರಿಸ್. "ಆಳಕ್ಕೆ ಇಳೀಬೇಕು ಅಂದ್ರೆ ದೊಡ್ಡ ತಟ್ಟೆ, ಸೂಕ್ಷ್ಮತೆ ತುತ್ತತುದಿಗೆ. ಉಂಗುರ ಸಿಕ್ಕಾಗಲೂ ನಾನು ಹಾಗೇ ಇಟ್ಟಿದ್ದೆ."

"ತಟ್ಟೆ ದೊಡ್ಡದಾದ್ರೆ ಊಟ ಜಾಸ್ತಿಯೇನೋ? ಸೂಕ್ಷ್ಮತೆ ತುದಿಗೇರಿಸಿದ್ರೆ ಎರೆಹುಳ ಆಕಳಿಸಿದ್ರೂ ಕಿರುಚುತ್ತೆ! ಯಂತ್ರ ಉತ್ತರ ಕೊಡೋ ವೇಗ ಎರಡಕ್ಕೆ ಇಳಿಸ್ಬೇಕು. ಕಬ್ಬಿಣ ಬೇಡ ಅಂತ ತಳ್ಳೋದನ್ನ ಪೂರ್ತಿ ನಿಲ್ಲಿಸ್ಬೇಕು, ಅದು ಕಬ್ಬಿಣದ ಜೊತೆ ಬೆಳ್ಳೀನೂ ತಳ್ಳುತ್ತೆ. ನೆಲದ ಗೊಣಗಾಟ ಸೊನ್ನೆ ಮಾಡಿ, ಆಮೇಲೆ ಕಿವಿ ಕೊಡ್ಬೇಕು. ಕಿವಿ!"

"ಮೂರು ಸಲ ಊಟಕ್ಕೆ ಕರೆದ್ರೂ ಕೇಳಿಸದ ಕಿವಿ," ಎಂದಿತು ಅಡುಗೆಮನೆಯ ಕಿಟಕಿ.

ನಾಲ್ಕನೆಯ ನಾಣ್ಯ ನಾರಿಸನ ದೊಡ್ಡ ತಟ್ಟೆಗೆ ಸಿಕ್ಕಿತು, ಸರಿಯಾಗಿ ಒಂಬತ್ತು ಅಂಗುಲದಲ್ಲಿ. ಡೆಸ್ಮಂಡನ ಹೊಸ ಯಂತ್ರ ಅಲ್ಲಿ ಬರೀ ಕೆಮ್ಮಿತ್ತು. ಹನ್ನೊಂದು ಅಂಗುಲದ ಐದನೆಯದು ಡೆಸ್ಮಂಡನ ನಿಧಾನ ವೇಗಕ್ಕೆ ಸಿಕ್ಕಿತು. ಅಲ್ಲಿ ನಾರಿಸನ ಯಂತ್ರ ಹಟ ಹಿಡಿದ ಮಗುವಿನಂತೆ ಒಂದೇ ಸಮನೆ ಚೀರಿ ಏನೂ ಹೇಳಲಿಲ್ಲ. ಲೆಕ್ಕ ಸಮವಾಯಿತು. ಇಬ್ಬರೂ ಪೈಲ್ವಾನರಂತೆ ಉಸಿರು ಬಿಡುತ್ತ ಒಬ್ಬರನ್ನೊಬ್ಬರು ನೋಡಿದರು. ಅಂತಿಮ ತೀರ್ಪು ಇನ್ನು ಆರನೆಯ ನಾಣ್ಯದ ಮೇಲಿತ್ತು. ಒಂದು ಗಜ ಅಳೆಯುತ್ತ ಹೆಜ್ಜೆ ಹಾಕಿದರು.

ಅರ್ಧ ಗಜಕ್ಕೇ ಹೆಜ್ಜೆ ಬಂದು ನಿಂತದ್ದು ಆಸ್ಪರಾಗಸ್ ಮಡಿಯ ಅಂಚಿನಲ್ಲಿ. ಇನ್ನೊಂದು ಮೊಳ ಮುಂದೆ, ನಟ್ಟನಡುವೆ, ಆರನೆಯ ಜಾಗ.

ಹಳೆಯ ಬೆಳ್ಳಿ ನಾಣ್ಯ ಒಂದಕ್ಕಿಂತ ಹೆಚ್ಚು ಒಟ್ಟಿಗೆ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು, ಅದು ಅಲ್ಲಿನ ಕಾನೂನು. ಹಾಗಾಗಿ ಮರುದಿನ ಜಿಲ್ಲೆಯ ಪುರಾವಸ್ತು ಅಧಿಕಾರಿ ಇಮೋಜನ್ ಫಿಸ್ಕ್ ಬಂದಳು. ತೆಳ್ಳಗೆ, ಗಂಭೀರವಾಗಿ, ಜೇಬಿನ ತುಂಬ ಅಳತೆಪಟ್ಟಿಗಳಿದ್ದ ಹೆಣ್ಣುಮಗಳು. ದಾರ ಕಟ್ಟಿ ಅಳೆದಳು. ಮತ್ತೆ ಅಳೆದಳು.

"ತುಂಬ ನೆಟ್ಟಗಿದೆ," ಎಂದಳು.

"ಭಕ್ತ!" ಎಂದ ಡೆಸ್ಮಂಡ್. "ಹರಕೆ ಹೊತ್ತ ಭಕ್ತ. ಹೆಜ್ಜೆಗೊಂದು ಪೆನ್ನಿ ಹೂಳ್ತಾ ಹೋಗಿದ್ದಾನೆ."

"ಪಾತಾಳಕ್ಕೆ ಮೆಟ್ಟಿಲು," ಎಂದ ನಾರಿಸ್. "ಒಂದೊಂದು ಹೆಜ್ಜೆಗೂ ಎರಡೆರಡು ಅಂಗುಲ ಕೆಳಗೆ. ಕೊನೇದ್ರಲ್ಲಿ ದೊಡ್ಡದೇ ಇರುತ್ತೆ."

ಫಿಸ್ಕ್ ಕೆಂಪು ಚುಕ್ಕಿಗಳನ್ನು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದಳು. "ಮಿಸ್ಟರ್ ಕೆರಿಜ್, ಈ ಮನೇಲಿ ಹಿಂದೆ ಇದ್ದವರಿಗೆ ಏನಾದ್ರೂ ಹವ್ಯಾಸ ಇತ್ತಾ?"

"ರೇಡಿಯೊ ಬಿಚ್ಚೋದು. ಪಾಪ, ಇಂಥದ್ದರ ಗಂಧವೂ ಇಲ್ಲದ ಮನುಷ್ಯ."

"ಹಾಗಾದ್ರೆ ಆರನೇ ಜಾಗದಲ್ಲಿ ಏನಾದ್ರೂ ಸದ್ದು ಬರುತ್ತಾ ಅಂತ ನೋಡಿ. ಮುಂದಿನದ್ದು ಅದರ ಮೇಲೆ. ಏನೂ ಇಲ್ಲ ಅಂದ್ರೆ ಇಲ್ಲಿಗೇ ನಿಲ್ಲಿಸೋಣ."

ಏವ್ರಿಲ್ ಸೊಂಟದ ಮೇಲೆ ಕೈಯಿಟ್ಟು ಮಡಿಯ ಪಕ್ಕ ನಿಂತಳು. "ತಟ್ಟೆ ಮೇಲೆ ಮೇಲೆ ಆಡ್ಸಿ. ಒಂದು ಮೂತಿ ಮುರಿದ್ರೆ ನಿಮ್ಮಿಬ್ಬರ ಮೂತೀನೂ ಉಳಿಯಲ್ಲ."

ಮೊದಲು ನಾರಿಸ್ ಆಡಿಸಿದ. ಎಡಕ್ಕೆ, ಬಲಕ್ಕೆ, ಸುತ್ತ. ಕಣ್ಣು ಮುಚ್ಚಿದ. ಬಹಳ ಹೊತ್ತಾದ ಮೇಲೆ ಒಮ್ಮೆ ಗಂಟಲು ಸರಿಮಾಡಿಕೊಂಡ. "ಇದೆ," ಎಂದ.

ಡೆಸ್ಮಂಡ್ ತನ್ನ ಹೆಡ್‌ಫೋನ್ ಏರಿಸಿದ. ವೇಗ ಎರಡು. ಕಬ್ಬಿಣದ ತಡೆ ಇಲ್ಲ. ನೆಲದ ಗೊಣಗಾಟ ಸೊನ್ನೆ. ತಟ್ಟೆ ಆಡಿಸಿದ.

ಏನೂ ಇಲ್ಲ.

ಸೂಕ್ಷ್ಮತೆ ಏರಿಸಿದ. ಏನೂ ಇಲ್ಲ. ಮೂರು ಜಿಲ್ಲೆಗಳ ಪಿಯಾನೊಗಳನ್ನು ನಡುಗಿಸಿದ ಕಿವಿಯಲ್ಲಿ ತನ್ನದೇ ರಕ್ತ ಹರಿಯುವ ಸದ್ದು ಬಿಟ್ಟರೆ ಒಂದು ಚೂರು ದನಿ ಇರಲಿಲ್ಲ. ಇಲ್ಲ ಎಂದು ಹೇಳಿಬಿಟ್ಟರೆ ಮುಗಿದುಹೋಗುತ್ತಿತ್ತು. ಅವನ ಬಾಯಿ ಅದಕ್ಕಾಗಿಯೇ ತೆರೆಯಿತು ಕೂಡ.

"ಏನೋ, ನಿನ್ನ ಮಹಾ ಕಿವಿಗೆ ಕೇಳಿಸ್ಲಿಲ್ವಾ?" ಎಂದ ನಾರಿಸ್.

"ಕೇಳಿಸದೆ ಏನು!" ಎಂದಿತು ಡೆಸ್ಮಂಡನ ಬಾಯಿ, ಅವನನ್ನು ಕೇಳದೆಯೇ. "ನಿನ್ನ ಯಂತ್ರಕ್ಕೆ ಏನೋ ಇದೆ ಅಂತ ಮಾತ್ರ ಗೊತ್ತಾಯ್ತು. ನನ್ನದಕ್ಕೆ ಅದು ಏನು ಅಂತಾನೂ ಗೊತ್ತಾಯ್ತು. ಚಿನ್ನ!"

ಇದನ್ನು ಕೇಳಿ ನಾರಿಸನ ಮುಖ ಮೆಟ್ಟಿಲು ತಪ್ಪಿದವನ ಮುಖದಂತಾಯಿತು. ಏಕೆಂದು ಡೆಸ್ಮಂಡನಿಗೆ ಆಗ ಹೊಳೆಯಲಿಲ್ಲ. ತನ್ನ ಸುಳ್ಳಿನ ಗಡಿಬಿಡಿಯಲ್ಲಿರುವವನಿಗೆ ಇನ್ನೊಬ್ಬನ ಸುಳ್ಳು ಕಾಣುವುದಿಲ್ಲ.

"ಆದ್ರೆ ಮಡಿ ಒಂದಡಿ ಎತ್ತರ ಇದೆ," ಎಂದಳು ಫಿಸ್ಕ್, ಹುಬ್ಬೇರಿಸಿ. "ಹದಿಮೂರು ಅಂಗುಲಕ್ಕೆ ಇನ್ನೂ ಹನ್ನೆರಡು ಸೇರಿಸಿ. ಇಪ್ಪತ್ತೈದು ಅಂಗುಲ. ಅಷ್ಟು ಆಳದಿಂದ ಎರಡು ಬೇರೆ ಬೇರೆ ಯಂತ್ರಕ್ಕೆ ಕೇಳಿಸಿದೆ ಅಂದ್ರೆ ಸಣ್ಣ ನಾಣ್ಯ ಅಲ್ಲ. ಭಾರೀ ದೊಡ್ಡದು ಏನೋ ಇರ್ಬೇಕು." ಅವಳು ಬರೆದುಕೊಂಡಳು. ಸರ್ಕಾರಿ ಕಾಗದದ ಮೇಲೆ ಬರೆದುಕೊಂಡಳು!

ಏವ್ರಿಲ್ ಗಂಡನ ಹತ್ತಿರ ಬಂದಳು. "ಡೆಸ್ಮಂಡ್, ನನ್ನ ಮುಖ ನೋಡಿ ಹೇಳು. ಕೇಳಿಸ್ತಾ?"

ಅವನು ಅವಳ ಕಿವಿಯೋಲೆ ನೋಡಿದ. "ಕೇಳಿಸ್ತು."

"ನಿನ್ನ ಕಿವಿ ಮೇಲೆ ಆಣೆ?"

"ಆಣೆ."

ಏವ್ರಿಲ್ ಮಡಿಯತ್ತ ತಿರುಗಿ ಮೂತಿಗಳನ್ನು ಮತ್ತೊಮ್ಮೆ ಎಣಿಸಿದಳು. ಹತ್ತೊಂಬತ್ತು ಚಳಿಗಾಲ ಈ ಮನುಷ್ಯ ಒದ್ದೆಯಾಗಿ, ಕೆಸರಾಗಿ ಮನೆಗೆ ಬಂದು, ಅಡುಗೆಮನೆಯ ಮೇಜಿನ ಮೇಲೆ ಪತ್ರಿಕೆ ಹಾಸಿ, ಜೇಬಿನಿಂದ ಅಂಗಿ ಗುಂಡಿಗಳನ್ನು ಒಂದೊಂದಾಗಿ ತೆಗೆದಿಟ್ಟು, ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುವುದನ್ನು ಅವಳು ನೋಡಿದ್ದಳು. ಒಮ್ಮೆಯೂ ಅದು ಚಿನ್ನವಾಗಿರಲಿಲ್ಲ. ಒಮ್ಮೆಯೂ ಅವನು ಮರುವಾರ ಹೋಗದೆ ಇರಲಿಲ್ಲ.

"ಅರ್ಧ ಮಡಿ," ಎಂದಳು. "ಬೇರುಗಳನ್ನ ನಾನೇ ಎಬ್ಬಿಸ್ತೀನಿ. ಒಂದು ಸಲ ಎಬ್ಬಿಸಿದ್ರೆ ಮತ್ತೆ ಎರಡು ವರ್ಷ ಕೊಯ್ಯೋ ಹಾಗಿಲ್ಲ, ಅದು ನಿನಗೆ ಗೊತ್ತಿರಲಿ. ಒಳಗೆ ಏನೂ ಇಲ್ಲ ಅಂತಾದ್ರೆ ಈ ಯಂತ್ರ ಚರ್ಚಿನ ಹಳೇ ಸಾಮಾನಿನ ಮಾರಾಟಕ್ಕೆ."

ಡೆಸ್ಮಂಡನಿಗೆ ಅವಳು ಬೈದಿದ್ದರೆ ಚೆನ್ನಾಗಿರುತ್ತಿತ್ತು ಅನ್ನಿಸಿತು. ಬೈಗುಳವನ್ನು ತಡೆದುಕೊಳ್ಳಲು ಅವನಿಗೆ ಅಭ್ಯಾಸವಿತ್ತು, ಇದಕ್ಕೆ ಇರಲಿಲ್ಲ.

ಅಗೆತಕ್ಕೆ ಫಿಸ್ಕ್‌ಗೆ ಬಿಡುವಿದ್ದದ್ದು ಇಪ್ಪತ್ಮೂರಕ್ಕೇ. ಸಂತ ಜಾರ್ಜನ ದಿನಕ್ಕೇ! ನಡುವಿನ ಆರು ದಿನ ಡೆಸ್ಮಂಡ್ ಪಟ್ಟ ಪಾಡು ಶತ್ರುವಿಗೂ ಬೇಡ. ಟೀ ತಣ್ಣಗಾಗುತ್ತಿತ್ತು. ಮೀನು, ಆಲೂಗಡ್ಡೆ ತಟ್ಟೆಯಲ್ಲೇ ಉಳಿಯುತ್ತಿತ್ತು. ಏವ್ರಿಲ್ ಅಂಗಡಿಗೆ ಹೋದಳೆಂದರೆ ಸಾಕು, ಯಂತ್ರ ಹಿಡಿದು ಮಡಿಗೆ ಓಡುತ್ತಿದ್ದ. ಹೊಸ ಯಂತ್ರ, ವೇಗ ಒಂದು. ಹೊಸ ಯಂತ್ರ, ವೇಗ ಮೂರು. ಹಳೆಯ ಯಂತ್ರ, ಕಬ್ಬಿಣದ ತಡೆ ಸಹಿತ. ಹಳೆಯ ಯಂತ್ರ, ತಡೆ ರಹಿತ. ಬೂದು ಬಣ್ಣದ ಪುಸ್ತಕದಲ್ಲಿ ಎಲ್ಲವನ್ನೂ ಗೀಟು ಹಾಕಿ ಬರೆದ. ಮೂವತ್ತೆರಡು ಜೋಡಣೆ. ಮೂವತ್ತೆರಡರ ಮುಂದೆಯೂ "ಇಲ್ಲ". ಒಂದೇ ಒಂದು ಸಲ ಯಂತ್ರ ಗಂಟಲು ಹರಿಯುವಂತೆ ಕೂಗಿತು. ಡೆಸ್ಮಂಡನ ಕಣ್ಣಲ್ಲಿ ನೀರೇ ಬಂತು. ಬಗ್ಗಿ ನೋಡಿದರೆ ತಟ್ಟೆಯಡಿ ಇದ್ದದ್ದು ಅವನದೇ ಬೂಟಿನ ಉಕ್ಕಿನ ತುದಿ!

ಇಪ್ಪತ್ತೆರಡರ ಬೆಳಿಗ್ಗೆ ಒಪ್ಪಿಕೊಂಡೇಬಿಡೋಣವೆಂದು ತೋಟಕ್ಕೆ ಬಂದ. ಏವ್ರಿಲ್ ಮಂಡಿಯ ಕೆಳಗೆ ಚೀಲ ಹಾಕಿಕೊಂಡು ಕೂತು ಆಗಲೇ ಬೇರುಗಳನ್ನು ಎಬ್ಬಿಸುತ್ತಿದ್ದಳು. ಜೇಡನ ಕಾಲಿನಂಥ ಉದ್ದುದ್ದ ಬೇರುಗಳನ್ನು ಒಂದೂ ಕಡಿಯದಂತೆ ಬಿಡಿಸಿ ಒದ್ದೆ ಗೋಣಿಯಲ್ಲಿ ಸುತ್ತಿಡುತ್ತಿದ್ದಳು.

"ಏವ್ರಿಲ್, ಒಂದು ಮಾತು..."

"ಮಾತು ಬೇಡ. ಆ ನೀರಿನ ಕ್ಯಾನು ಕೊಡು."

"ಅಲ್ಲ ಕಣೇ, ಒಂದು ವೇಳೆ..."

"ಒಂದು ವೇಳೆ ಗಿಂದು ವೇಳೆ ಏನೂ ಇಲ್ಲ. ನಿನ್ನ ಕಿವಿ ಮೇಲೆ ನನಗೆ ನಂಬಿಕೆ ಇದೆ. ಮೊದಲನೇ ಸಲ ನಮ್ಮಮ್ಮನ ಮನೆಗೆ ಪಿಯಾನೊ ರಿಪೇರಿಗೆ ಬಂದಾಗ, ಒಳಕೋಣೇಲಿ ನಾನು ಬಿಕ್ಕಿದ್ದು ನಿನಗೆ ಮಾತ್ರ ಕೇಳಿಸಿತ್ತು. ಕ್ಯಾನು ಕೊಡು."

ಡೆಸ್ಮಂಡ್ ಕ್ಯಾನು ಕೊಟ್ಟ. ಬೇರೇನನ್ನೂ ಕೊಡಲು ಅವನಲ್ಲಿ ಧೈರ್ಯ ಉಳಿದಿರಲಿಲ್ಲ.

ಇಪ್ಪತ್ಮೂರರ ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಸೇರಿದರು. ಫಿಸ್ಕ್ ಅಳತೆಪಟ್ಟಿ, ಕರಣಿ, ಕ್ಯಾಮೆರಾ ತಂದಿದ್ದಳು. ನಾರಿಸ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರೂ ಮುಖ ಮಾತ್ರ ಹಲ್ಲು ಕೀಳಿಸಿಕೊಳ್ಳಲು ಬಂದವನ ಮುಖದಂತಿತ್ತು. ಫೋಟೊಕ್ಕಾದರೂ ನಗು ಎಂದರೆ "ನನಗೆ ಸ್ವಲ್ಪ ಹೊಟ್ಟೆ ಸರಿ ಇಲ್ಲ" ಎಂದ.

ಗೊಬ್ಬರದ ಒಂದಡಿ ಮುಗಿಯಿತು. ಜೇಡಿಮಣ್ಣು ಶುರುವಾಯಿತು. ಹದಿನೈದು ಅಂಗುಲ. ಏನೂ ಇಲ್ಲ. ಹದಿನೆಂಟು. ಏನೂ ಇಲ್ಲ. ಇಪ್ಪತ್ತೊಂದು. ಡೆಸ್ಮಂಡನ ಅಂಗಿ ಬೆನ್ನಿಗೆ ಅಂಟಿತು. ಚರ್ಚಿನ ಮಾರಾಟದ ಮೇಜು, ಅದರ ಮೇಲೆ ಹಳೆಯ ಟೀಕಪ್ಪುಗಳ ನಡುವೆ ತನ್ನ ಹೊಸ ಯಂತ್ರ ಅವನ ಕಣ್ಣಿಗೆ ಕಟ್ಟಿತು. ಇಪ್ಪತ್ನಾಲ್ಕು. ಫಿಸ್ಕ್ ಕರಣಿ ಕೆಳಗಿಟ್ಟು ಬೆನ್ನು ನೇರ ಮಾಡಿಕೊಂಡಳು. "ಇನ್ನೊಂದಂಗುಲ ನೋಡೋಣ," ಎಂದಳು.

ಟಿಣ್!

ಎಂಥ ಸದ್ದು ಅದು! ಡೆಸ್ಮಂಡನಿಗೆ ಮೊದಲು ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ನಂಬಿದ ಕೂಡಲೇ ಆರು ದಿನದ ಪಾಪವೆಲ್ಲ ತೊಳೆದುಹೋಯಿತು. ಹಾಗಾದರೆ ಕೇಳಿಸಿತ್ತು! ತಿಳಿಯದೆಯೇ ಕೇಳಿಸಿತ್ತು! ಅವನ ಕಿವಿ ಅವನಿಗಿಂತ ದೊಡ್ಡದು!

"ಹೇಳಿರ್ಲಿಲ್ವಾ!" ಎಂದು ಅರಚಿದ. "ಇಪ್ಪತ್ತೈದು ಅಂಗುಲ! ವೇಗ ಎರಡು! ಬರ್ಕೊಳ್ಳಿ, ವೇಗ ಎರಡು!"

"ಮೊದಲು ಕೇಳಿಸಿದ್ದು ನನಗೆ!" ಎಂದು ನಾರಿಸನಿಗೂ ಜೀವ ಬಂತು. "ದೊಡ್ಡ ತಟ್ಟೆ! ಮಿಸ್ ಫಿಸ್ಕ್, ಮೊದಲು ನಾನು ಇದೆ ಅಂದೆ, ನೀವೇ ಸಾಕ್ಷಿ!"

"ನೀನು ಬರೀ ಇದೆ ಅಂದೆ, ನಾನು ಏನು ಅಂತಾನೂ ಹೇಳ್ದೆ!"

ಇಬ್ಬರೂ ಕುಳಿಯ ದಂಡೆಯಲ್ಲಿ ಎದೆಗೆ ಎದೆ ಕೊಟ್ಟು ನಿಂತರು. ಫಿಸ್ಕ್ ಎರಡೂ ಕೈ ಇಳಿಸಿ ಮಣ್ಣು ಬಿಡಿಸಿದಳು. ಮೆಲ್ಲಗೆ ಎತ್ತಿದಳು.

ಒಂದು ಗಾಜಿನ ಜಾಮ್ ಬಾಟಲಿ.

ಬಾಯಿಗೆ ಮರದ ಬಿರಡೆ, ಅದರ ಮೇಲೆ ಮೇಣ. ಒಳಗೆ ಮಡಿಸಿದ ಕಾಗದ. ಫಿಸ್ಕ್ ಅದನ್ನು ಬೆಳಕಿಗೆ ಹಿಡಿದು ಸುತ್ತ ತಿರುಗಿಸಿ ನೋಡಿದಳು. ಬಾಟಲಿಯನ್ನೂ ನೋಡಿದಳು, ಇಬ್ಬರು ಗಂಡಸರನ್ನೂ ನೋಡಿದಳು. "ಇದರಲ್ಲಿ ಲೋಹ ಎಲ್ಲೂ ಕಾಣ್ತಿಲ್ಲವಲ್ಲ," ಎಂದಳು ಮೆಲ್ಲಗೆ.

ಬಿರಡೆ ಬಿಚ್ಚಿ ಕಾಗದವನ್ನು ಮನೆಯೊಡತಿಯ ಕೈಗೆ ಕೊಟ್ಟಳು. ಏವ್ರಿಲ್ ಕನ್ನಡಕ ಒರೆಸಿಕೊಂಡು, ಇಗರ್ಜಿಯಲ್ಲಿ ಪಾಠ ಓದುವವರಂತೆ ಗಟ್ಟಿಯಾಗಿ ಓದಿದಳು:

"ಇದನ್ನು ಅಗೆದು ತೆಗೆದವರಿಗೆ, ಪರ್ಸಿ ಗ್ಯಾರಡನ ನಮಸ್ಕಾರ. ಬೇರೆ ಬೇರೆ ಯಂತ್ರಗಳು ಎಷ್ಟು ಆಳ ಕೇಳಿಸಿಕೊಳ್ಳುತ್ತವೆಂದು ಹೋಲಿಸಿ ನೋಡಲು ನಾನು ಈ ಸಾಲನ್ನು ಮಾಡಿದ್ದೇನೆ. ಮೊದಲ ಐದು ಗೂಟಗಳ ಅಡಿ ಅಂಗಡಿಯಿಂದ ತಂದ ಒಂದೊಂದು ಹಳೆಯ ಪೆನ್ನಿ ಇದೆ. ಅಸಲಿ ಪತ್ತೆಯೆಂದು ಯಾರೂ ಮೋಸಹೋಗದಿರಲಿ ಎಂದು ನನ್ನ ಹೆಂಡತಿಯ ಉಗುರುಬಣ್ಣದ ಚುಕ್ಕಿ ಇಟ್ಟಿದ್ದೇನೆ."

ಏವ್ರಿಲ್ ಓದುವುದನ್ನು ನಿಲ್ಲಿಸಿದಳು. ಗಂಡನನ್ನು ನೋಡಿದಳು. ಮುಂದೆ ಓದಿದಳು:

"ಆರನೆಯ ಗೂಟದ ಅಡಿ ಗಾಜು, ಬಿರಡೆ, ಕಾಗದ ಬಿಟ್ಟರೆ ಏನೂ ಇಲ್ಲ. ಮೊದಲ ಐದು ಗೂಟ ಯಂತ್ರದ ಪರೀಕ್ಷೆಗೆ. ಆರನೆಯದು ಯಂತ್ರ ಹಿಡಿದವನ ಪರೀಕ್ಷೆಗೆ. ಇಲ್ಲಿ ಸದ್ದು ಕೇಳಿಸಿತು ಎಂದವನಿಗೆ ಒಂದು ಕಪ್ ಟೀ ಕೊಟ್ಟು, ಮರ್ಯಾದೆಯಿಂದ ಮನೆಗೆ ಕಳಿಸಿ, ಮತ್ತೆಂದೂ ಅವನ ಮಾತು ನಂಬದಿರುವುದು ನನ್ನ ವಾಡಿಕೆ. ಹಳೆಯ ಕಾಗದ ತೆಗೆದು ಇದನ್ನು ಇಡುವ ಹೊತ್ತಿಗೆ ಹದಿನೇಳು ಜನಕ್ಕೆ ಟೀ ಕೊಟ್ಟಿದ್ದೇನೆ."

ತೋಟದಲ್ಲಿ ದುಂಬಿಯೊಂದು ಹಾರಾಡುತ್ತಿತ್ತು. ಅದರ ಸದ್ದು ಎಲ್ಲರಿಗೂ ಕೇಳಿಸಿತು, ಯಾವ ಯಂತ್ರದ ಸಹಾಯವೂ ಇಲ್ಲದೆ.

"ನನಗೆ ಮೊದಲ ದಿನವೇ ಅನುಮಾನ ಇತ್ತು," ಎಂದಳು ಫಿಸ್ಕ್, ತನ್ನ ಸರ್ಕಾರಿ ಕಾಗದವನ್ನು ಎರಡಾಗಿ, ನಾಲ್ಕಾಗಿ ಹರಿಯುತ್ತ. "ಇಂಥ ಸಾಲು ಹಿಂದೆ ಒಂದೆರಡು ಕಡೆ ನೋಡಿದ್ದೆ. ಆದ್ರೆ ನೀವಿಬ್ರೂ ಇಲ್ಲಿ ಅಷ್ಟು ಗಟ್ಟಿಯಾಗಿ ಕೇಳಿಸ್ತು ಅಂದಿರಲ್ಲ, ಆಮೇಲೆ ನನ್ನ ಮೇಲೇ ನನಗೆ ಅನುಮಾನ ಬಂತು."

ನಾರಿಸ್ ತನ್ನ ಬೂಟುಗಳನ್ನು ಪರೀಕ್ಷಿಸುತ್ತಿದ್ದ. ಡೆಸ್ಮಂಡ್ ಕುಳಿಯನ್ನು ನೋಡುತ್ತಿದ್ದ. ಅದರಲ್ಲಿ ಇಳಿದು ಮೇಲಿನಿಂದ ಮಣ್ಣು ಎಳೆದುಕೊಳ್ಳಲು ಇಪ್ಪತ್ತೈದು ಅಂಗುಲ ಸಾಕಾಗುತ್ತದೆಯೇ ಎಂದು ಲೆಕ್ಕ ಹಾಕುತ್ತಿದ್ದಿರಬೇಕು.

"ನಾವು ಬಂದಾಗ ಇಲ್ಲಿ ಆರು ಗೂಟ ಇದ್ವು," ಎಂದಳು ಏವ್ರಿಲ್ ಯಾರಿಗೂ ಅಲ್ಲವೆಂಬಂತೆ. "ಚೆನ್ನಾಗಿ ಉರಿದ್ವು." ಕಾಗದ ಮಡಿಸಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡು, ನಾರಿಸನತ್ತ ಬೆರಳು ತೋರಿಸಿ, "ಹದಿನೆಂಟು" ಎಂದಳು. ಆಮೇಲೆ ಗಂಡನತ್ತ ತಿರುಗಿದಳು. "ಹತ್ತೊಂಬತ್ತು. ಬನ್ನಿ, ಇಬ್ರಿಗೂ ಟೀ ಕೊಡ್ತೀನಿ. ಕುಡಿದು ಮನೆಗೆ ಹೊರಡಿ."

"ಏವ್ರಿಲ್," ಎಂದ ಡೆಸ್ಮಂಡ್ ಸಣ್ಣ ದನಿಯಲ್ಲಿ, "ನನ್ನ ಮನೆ ಇದೇ ಅಲ್ವೇನೇ?"

"ಅದೇ ನನ್ನ ಕಷ್ಟ."

ಟೀ ಬಂತು. ನಾರಿಸ್ ಬಿಸಿ ಬಿಸಿಯನ್ನೇ ಒಂದೇ ಗುಟುಕಿಗೆ ಕುಡಿದು, ಹದಿಮೂರು ವರ್ಷದಲ್ಲಿ ಮೊದಲ ಬಾರಿಗೆ ಉಂಗುರದ ಸುದ್ದಿ ಎತ್ತದೆ ಹೊರಟುಹೋದ. ಫಿಸ್ಕ್ ಎರಡು ಬಿಸ್ಕತ್ತು ತಿಂದಳು, ಬಾಟಲಿಯನ್ನು ಏವ್ರಿಲ್‌ಗೇ ಬಿಟ್ಟುಕೊಟ್ಟಳು.

ಅವರಿಬ್ಬರೂ ಹೋದ ಮೇಲೆ ಡೆಸ್ಮಂಡ್ ಹೇಳಬೇಕಾದದ್ದನ್ನು ಹೇಳಿದ. ಯಾವ ಸದ್ದೂ ಕೇಳಿರಲಿಲ್ಲವೆಂದು, ನಾರಿಸನ ಮುಂದೆ ಇಲ್ಲವೆನ್ನಲು ನಾಲಿಗೆ ಏಳಲಿಲ್ಲವೆಂದು ಒಪ್ಪಿಕೊಂಡು, ಬೂದು ಪುಸ್ತಕದ ಮೂವತ್ತೆರಡು "ಇಲ್ಲ"ಗಳನ್ನೂ ತೆರೆದು ತೋರಿಸಿದ. ಏವ್ರಿಲ್ ಪುಟಗಳನ್ನು ತಿರುವಿದಳು. ಕೊನೆಯ ಪುಟದಲ್ಲಿ "ಬೂಟು" ಎಂದು ಬರೆದಿದ್ದನ್ನು ಓದಿದಾಗ ಅವಳ ತುಟಿಯ ಒಂದು ಮೂಲೆ ಸ್ವಲ್ಪ ಅಲ್ಲಾಡಿತು. ಆದರೆ ತೀರ್ಪು ಅಲ್ಲಾಡಲಿಲ್ಲ.

"ಒಳಗೆ ಏನೂ ಇಲ್ಲ ಅಂದ್ರೆ ಯಂತ್ರ ಚರ್ಚಿಗೆ ಅಂದಿದ್ದೆ. ಬಾಟಲಿ ಇತ್ತು, ಆದ್ದರಿಂದ ಚರ್ಚಿಗೆ ಇಲ್ಲ. ಶೆಡ್ಡಿಗೆ. ಬೇರುಗಳನ್ನ ಇವತ್ತು ಮತ್ತೆ ನೆಡ್ತೀಯ, ನೀನೇ. ಅವು ಕೊಯ್ಲಿಗೆ ಬಂದ ದಿನ ಶೆಡ್ಡಿನ ಬೀಗ ತೆಗೀತೀನಿ."

"ಎರಡು ವರ್ಷ!"

"ಅಷ್ಟೇ ಅಲ್ವಾ. ನಾನೂ ಕಾಯ್ದಿದ್ದೆ."

ಅಂದು ಮಧ್ಯಾಹ್ನವೆಲ್ಲ ಡೆಸ್ಮಂಡ್ ಮಂಡಿಯೂರಿ ಬೇರು ನೆಟ್ಟ. ಸಫೊಕ್ ಸೀಮೆಯ ಮಣ್ಣು ಅವನ ಮುಂದೆ ಮಂಡಿ ಊರಲಿಲ್ಲ. ಆ ಕೆಲಸ ಅವನ ಪಾಲಿಗೇ ಬಂತು. ಸಂಜೆ ಬೆನ್ನು ಹಿಡಿದುಕೊಂಡು ಅಡುಗೆಮನೆಗೆ ಬಂದಾಗ ಮೇಜಿನ ಮೇಲೆ, ಉಳಿದರ್ಧ ಮಡಿಯಿಂದ ಕೊಯ್ದ ಆಸ್ಪರಾಗಸ್ ಬೆಣ್ಣೆಯಲ್ಲಿ ಹೊಳೆಯುತ್ತಿತ್ತು. ಏವ್ರಿಲ್‌ಳ ತಟ್ಟೆಯಲ್ಲಿ ಹನ್ನೊಂದು ಕಾಂಡ, ಅವನ ತಟ್ಟೆಯಲ್ಲಿ ಒಂದು. ಅದೂ ಇರುತ್ತದೆಂದು ಅವನು ನಿರೀಕ್ಷಿಸಿರಲಿಲ್ಲ.

ಕಿಟಕಿಯ ಕಟ್ಟೆಯ ಮೇಲೆ ಜಾಮ್ ಬಾಟಲಿ ತೊಳೆದು ಇಟ್ಟಿತ್ತು. ಅದರ ಬುಡದಲ್ಲಿ ಅಂಗೈ ಅಗಲದ ಒಂದು ಬಿಳಿ ಚೀಟಿ. ಏವ್ರಿಲ್‌ಳ ದುಂಡಗಿನ ಅಕ್ಷರ. ಡೆಸ್ಮಂಡ್ ಬಗ್ಗಿ ಓದಿದ:

"ಪತ್ತೆ ಮಾಡಿದವರು: ಡಿ. ಕೆರಿಜ್. ಆಳ: ಇಪ್ಪತ್ತೈದು ಅಂಗುಲ. ಸದ್ದು: ಇಲ್ಲ."